ಆಧಾರ್‌ನಲ್ಲಿ ದಢೇಸುಗೂರು ವಿಳಾಸವಿದ್ದರೆ ಮೆಡಿಕಲ್ ಸೀಟಿಗೆ 371ಜೆ ಸಿಗುತ್ತದೆಯೇ?

ಇಲ್ಲ. ‘ಆಧಾರ್ ಒಂದಿದ್ದರೆ ಸಾಕು’ ಎಂಬ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ.

ಹುಟ್ಟಿನಿಂದ ಅಥವಾ ವಾಸದಿಂದ ಕಲ್ಯಾಣ ಕರ್ನಾಟಕಕ್ಕೆ ಸೇರಿದವರಿಗೆ ಮಾತ್ರ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಆಧಾರ್ ಹೇಳುವುದು ಇಂದಿನ ವಿಳಾಸವನ್ನಷ್ಟೇ; ಅದನ್ನು ಹೋದ ತಿಂಗಳು ಬದಲಿಸಿಕೊಂಡಿರಲೂಬಹುದು! ಆದ್ದರಿಂದಲೇ ಸೀಟು ಹಂಚುವ ಕೆಇಎ, ಸಹಾಯಕ ಆಯುಕ್ತರು (ಎಸಿ) ಕೊಡುವ ಅರ್ಹತಾ ಪ್ರಮಾಣಪತ್ರ ಕೇಳುತ್ತದೆ. ದಢೇಸುಗೂರು ಸಿಂಧನೂರು ತಾಲ್ಲೂಕಿನಲ್ಲಿದ್ದರೂ ಎಸಿ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಜನನ ದಾಖಲೆ, ಶಾಲಾ ದಾಖಲೆಗಳಲ್ಲಿ ಹೆಸರಿನ ಒಂದಕ್ಷರ ಬೇರೆಯಿದ್ದರೂ ಓಡಾಟ ಹೆಚ್ಚುತ್ತದೆ. ನೀಟ್ ಫಲಿತಾಂಶದವರೆಗೆ ಕಾಯುವುದು ಜಾಣತನವಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಏಕೆಂದರೆ ರಾಯಚೂರಿನ ರಿಮ್ಸ್ ಸೇರಿದಂತೆ ಈ ಭಾಗದ ಕಾಲೇಜುಗಳಲ್ಲಿ ರಾಜ್ಯ ಕೋಟಾದ ಶೇ 70ರಷ್ಟು ಸೀಟು ಸ್ಥಳೀಯರಿಗಿದೆ. ರಾಜ್ಯದ ಉಳಿದೆಡೆ ಶೇ 8.

ಸೀಟು ಸಿಕ್ಕ ಮೇಲೆ ಕಾಲೇಜಿಗೆ ವೈದ್ಯಕೀಯ ಫಿಟ್‌ನೆಸ್ ಪತ್ರ ಕೊಡಬೇಕು. ಅದರ ಜೊತೆಗೇ ಯೋಚಿಸಬೇಕಾದದ್ದು ಹೆಪಟೈಟಿಸ್ ಬಿ ಲಸಿಕೆ. ರಕ್ತದಿಂದ, ಸೂಜಿ ಚುಚ್ಚಿ ಹರಡುವ ಸೋಂಕಿದು. ವೈದ್ಯ ವಿದ್ಯಾರ್ಥಿಗೆ ಅಪಾಯ ಹೆಚ್ಚು. ಮೊದಲ ಡೋಸ್, ತಿಂಗಳ ನಂತರ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಮಕ್ಕಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ದೇಶದಾದ್ಯಂತ ಬಂದದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರು ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ. ನಮೂದಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯ ವೈದ್ಯರನ್ನು ಈಗಲೇ ಕೇಳಿ.