ಕರೆಂಟ್ ಬಿಲ್ಲು ಹುಟ್ಟುವುದು ಟೆಂಡರಿನಲ್ಲಿ

2014ರ ಆರಂಭದಲ್ಲಿ ಎನರ್ಜಿ ಎಫಿಶಿಯೆನ್ಸಿ ಸರ್ವಿಸಸ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿ ಎಲ್‌ಇಡಿ ಬಲ್ಬು ಕೊಳ್ಳಲು ಟೆಂಡರ್ ಕರೆಯಿತು. ಬಂದ ದರ ಬಲ್ಬಿಗೆ 310 ರೂಪಾಯಿ. ಎರಡು ವರ್ಷ ಕಳೆದು 2016ರಲ್ಲಿ ಅದೇ ಕಂಪನಿ ಮತ್ತೆ ಟೆಂಡರ್ ಕರೆದಾಗ ದರ 38 ರೂಪಾಯಿಗೆ ಇಳಿದಿತ್ತು. ಸರ್ಕಾರ ಇದಕ್ಕೆ ಸಬ್ಸಿಡಿ ಕೊಟ್ಟಿರಲಿಲ್ಲ, ಹೊಸ ತೆರಿಗೆಯನ್ನೂ ಹಾಕಿರಲಿಲ್ಲ. ಕೊಳ್ಳುವ ಕ್ರಮವನ್ನು ಬದಲಿಸಿತ್ತು, ಅಷ್ಟೆ.

ಬಲ್ಬಿನ ಹಿಂದಿನ ವಿಜ್ಞಾನ ಆಗ ಹೊಸದೇನಲ್ಲ. ಹಳೆಯ ತಂತಿ ಬಲ್ಬು ಬೆಳಕಿನ ಹೆಸರಿನಲ್ಲಿ ಶಾಖ ಉತ್ಪಾದಿಸುವ ಯಂತ್ರ. ಕುಡಿದ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲಷ್ಟೇ ಬೆಳಕಾಗುತ್ತದೆ. ಎಲ್‌ಇಡಿಯಲ್ಲಿ ಕಾಯಿಸುವ ತಂತಿಯೇ ಇಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದೊಳಗೆ ಎಲೆಕ್ಟ್ರಾನುಗಳು ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿಯುವಾಗ ನೀಲಿ ಬೆಳಕು ಹೊಮ್ಮುತ್ತದೆ. ಅದರ ಮೇಲೆ ಬಳಿದ ಫಾಸ್ಫರ್ ಲೇಪ ಆ ನೀಲಿಯ ಒಂದು ಭಾಗವನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ. ಎರಡೂ ಬೆರೆತರೆ ನಮ್ಮ ಕಣ್ಣಿಗೆ ಬಿಳಿ. ಈ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದದ್ದು ಅದೇ 2014ರಲ್ಲಿ. 60 ವಾಟ್ ಬಲ್ಬಿನ ಕೆಲಸವನ್ನು 7ರಿಂದ 9 ವಾಟಿನ ಎಲ್‌ಇಡಿ ಮಾಡಬಲ್ಲದು ಎಂದು ಎಂಜಿನಿಯರುಗಳಿಗೆಲ್ಲ ಗೊತ್ತಿತ್ತು. ಅಡ್ಡವಿದ್ದದ್ದು ಬೆಲೆ.

ಕಂಪನಿ ಮಾಡಿದ್ದು ಮೂರು ಕೆಲಸ. ಹಲವು ರಾಜ್ಯಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಆರ್ಡರ್ ಕೊಟ್ಟಿತು. ತಯಾರಕನಿಗೆ ಮಾಲು ಮಾರಾಟವಾದೀತೋ ಇಲ್ಲವೋ ಎಂಬ ಭಯವೇ ಉಳಿಯಲಿಲ್ಲ. ಬಲ್ಬು ಎಷ್ಟು ಬೆಳಕು ಕೊಡಬೇಕು, ಎಷ್ಟು ವರ್ಷ ಬಾಳಬೇಕು, ಕೆಟ್ಟರೆ ಯಾರು ಬದಲಿಸಿಕೊಡಬೇಕು ಎಂಬುದನ್ನು ಟೆಂಡರಿನಲ್ಲೇ ಬರೆದು ಕಟ್ಟುನಿಟ್ಟು ಮಾಡಿತು. ಮೊದಲ ಬಂಡವಾಳವನ್ನು ತಾನೇ ಹೂಡಿ, ಗ್ರಾಹಕರು ಬಯಸಿದರೆ ಕರೆಂಟ್ ಬಿಲ್ಲಿನ ಜೊತೆ ತಿಂಗಳಿಗೆ 10 ರೂಪಾಯಿಯಂತೆ ಕಂತು ಕಟ್ಟಬಹುದು ಎಂದಿತು. ಎಲ್‌ಇಡಿ ಚಿಪ್‌ನ ಬೆಲೆ ಜಗತ್ತಿನಾದ್ಯಂತ ಇಳಿಯುತ್ತಿದ್ದ ಕಾಲವದು, ಆ ಪಾಲನ್ನೂ ಮರೆಯಬಾರದು. ಆದರೂ ಇಳಿತದ ವೇಗಕ್ಕೆ ಟೆಂಡರೇ ಕಾರಣ. 2015ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಶುರುವಾಗಿ ಉಜಾಲಾ ಎಂದು ಹೆಸರಾದ ಈ ಯೋಜನೆ ಕರ್ನಾಟಕಕ್ಕೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ದೇಶದಲ್ಲಿ ಈವರೆಗೆ ಹಂಚಿಕೆಯಾದ ಬಲ್ಬುಗಳು 36 ಕೋಟಿಗೂ ಹೆಚ್ಚು.

ಇಲ್ಲೊಂದು ಸ್ವಾರಸ್ಯವಿದೆ. ಸರ್ಕಾರಿ ಕಾಮಗಾರಿಯ ಗುಣಮಟ್ಟ ಕೆಟ್ಟಾಗಲೆಲ್ಲ ಬೈಗುಳ ತಿನ್ನುವುದು ‘ಎಲ್-1’, ಅಂದರೆ ಅತಿ ಕಡಿಮೆ ದರ ನಮೂದಿಸಿದವನಿಗೇ ಕೆಲಸ ಎಂಬ ಪದ್ಧತಿ. ಎಲ್‌ಇಡಿ ಬಲ್ಬು ಅಗ್ಗವಾದದ್ದು ಅದೇ ಎಲ್-1 ಪೈಪೋಟಿಯಿಂದ. ಹಾಗಾದರೆ ದೋಷ ಪದ್ಧತಿಯದೋ, ಟೆಂಡರ್ ಹಾಳೆಯಲ್ಲಿ ಬರೆಯದೇ ಬಿಟ್ಟ ಸಾಲಿನದೋ?

ಫ್ಯಾನಿನ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕಚೇರಿಗಳಲ್ಲಿ ತಿರುಗುವ ಹಳೆಯ ಮಾದರಿಯ ಸೀಲಿಂಗ್ ಫ್ಯಾನಿಗೆ ಸುಮಾರು 75 ವಾಟ್ ಬೇಕು. ಬ್ರಷ್‌ರಹಿತ ಡಿ.ಸಿ. ಮೋಟಾರಿನ, ಅಂದರೆ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಸಾಕು. ಹಳೆಯ ಇಂಡಕ್ಷನ್ ಮೋಟಾರು ತಿರುಗುವ ಭಾಗದಲ್ಲೂ ವಿದ್ಯುತ್ ಹರಿಸಿ ಕಾಂತತ್ವ ಹುಟ್ಟಿಸಬೇಕು, ಆ ಖರ್ಚು ಶಾಖವಾಗಿ ಹೋಗುತ್ತದೆ. ಬಿಎಲ್‌ಡಿಸಿಯಲ್ಲಿ ಅಲ್ಲಿ ಕಾಯಂ ಅಯಸ್ಕಾಂತವೇ ಕೂತಿರುತ್ತದೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಉಳಿತಾಯ 108 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ 864 ರೂಪಾಯಿ. ಹೊಸ ಫ್ಯಾನಿಗೆ 1,500 ರೂಪಾಯಿ ಹೆಚ್ಚು ಕೊಟ್ಟಿದ್ದರೂ ಎರಡು ವರ್ಷದೊಳಗೆ ಆ ಹಣ ಹುಟ್ಟಿಬರುತ್ತದೆ, ಆಮೇಲಿನದೆಲ್ಲ ಲಾಭ. ಆದರೆ ಟೆಂಡರಿನಲ್ಲಿ ‘48 ಇಂಚಿನ ಸೀಲಿಂಗ್ ಫ್ಯಾನು’ ಎಂದಷ್ಟೇ ಇದ್ದರೆ ಗೆಲ್ಲುವುದು 75 ವಾಟಿನದೇ. ಅದನ್ನು ಆರಿಸಿದ ಅಧಿಕಾರಿಯನ್ನು ಯಾವ ಲೆಕ್ಕಪರಿಶೋಧಕನೂ ಪ್ರಶ್ನಿಸುವುದಿಲ್ಲ. ದುಬಾರಿ ಫ್ಯಾನು ಕೊಂಡವನ ಕಡತಕ್ಕೆ ಮಾತ್ರ ಆಕ್ಷೇಪಣೆ ಬೀಳುತ್ತದೆ.

ಇದಕ್ಕೆ ಇನ್ನೊಂದು ಮೂಲವೂ ಉಂಟು. ಕಟ್ಟಡ ಕಟ್ಟುವುದು ಲೋಕೋಪಯೋಗಿ ಇಲಾಖೆ, ಬಂಡವಾಳ ಲೆಕ್ಕದ ಹಣದಲ್ಲಿ. ಕರೆಂಟ್ ಬಿಲ್ಲು ಕಟ್ಟುವುದು ಒಳಗೆ ಕೂರುವ ಇಲಾಖೆ, ರಾಜಸ್ವ ಲೆಕ್ಕದ ಹಣದಲ್ಲಿ. ಕಟ್ಟುವವರಿಗೆ ಉಳಿತಾಯದ ಗೊಡವೆ ಇಲ್ಲ, ಬಿಲ್ಲು ತೆರುವವರಿಗೆ ವಿನ್ಯಾಸದಲ್ಲಿ ಮಾತಿಲ್ಲ.

ನಿಯಮಗಳು ನಿಧಾನವಾಗಿ ಬದಲಾಗಿವೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿ, ಅಧಿಸೂಚಿತ ವಿದ್ಯುತ್ ಉಪಕರಣ ಕೊಳ್ಳುವಾಗ ನಿಗದಿತ ಸ್ಟಾರ್ ರೇಟಿಂಗ್ ಇರಲೇಬೇಕು ಎನ್ನುತ್ತದೆ. ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾದದ್ದು 2023ರ ಜನವರಿಯಿಂದ. ಕಾಮಗಾರಿಗಳಲ್ಲಿ ದರದ ಜೊತೆ ಗುಣಮಟ್ಟಕ್ಕೂ ಅಂಕ ಕೊಡಬಹುದು, ಆದರೆ ಆ ಅಂಕ ಶೇ 30 ಮೀರಕೂಡದು ಎಂದು ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೇಳಿತು. ಒಂದು ಕಟ್ಟಡ ಐವತ್ತು ವರ್ಷದಲ್ಲಿ ನುಂಗುವ ವಿದ್ಯುತ್ತು, ನೀರು, ದುರಸ್ತಿಯನ್ನೆಲ್ಲ ಮೊದಲೇ ಕೂಡಿ ದರ ತೂಗುವುದಕ್ಕೆ ಐರೋಪ್ಯ ಒಕ್ಕೂಟ 2014ರ ಖರೀದಿ ನಿರ್ದೇಶನದಲ್ಲೇ ದಾರಿ ಮಾಡಿಕೊಟ್ಟಿದೆ. ನೆದರ್ಲೆಂಡ್ಸಿನ ಹೆದ್ದಾರಿ–ಜಲಮಾರ್ಗ ಇಲಾಖೆ ಇನ್ನೂ ಮುಂದೆ ಹೋಗಿದೆ: ಸಾಮಗ್ರಿಯಿಂದ ಪರಿಸರಕ್ಕಾಗುವ ಹಾನಿಯನ್ನು ಯೂರೋ ಲೆಕ್ಕಕ್ಕೆ ತಂದು, ಹಾನಿ ಕಡಿಮೆ ಮಾಡಿದ ಗುತ್ತಿಗೆದಾರನ ದರದಿಂದ ಕಾಲ್ಪನಿಕವಾಗಿ ಒಂದಿಷ್ಟು ಕಳೆದು ಹೋಲಿಸುತ್ತದೆ. ಅಲ್ಲೂ ಕೊನೆಗೆ ಗೆಲ್ಲುವುದು ಕಡಿಮೆ ಅಂಕಿಯೇ. ಅಂಕಿಯೊಳಗೆ ಏನೇನು ಸೇರಿದೆ ಎಂಬುದಷ್ಟೇ ಬೇರೆ.

ಸರ್ಕಾರವೇ ಮನಸ್ಸು ಮಾಡಿದರೆ ಎಂಥ ಕಟ್ಟಡ ಬರುತ್ತದೆ ಎನ್ನುವುದಕ್ಕೆ ದೆಹಲಿಯ ಜೋರ್ ಬಾಗ್ ರಸ್ತೆಯ ಇಂದಿರಾ ಪರ್ಯಾವರಣ ಭವನವಿದೆ. ಕೇಂದ್ರ ಪರಿಸರ ಸಚಿವಾಲಯದ ಈ ಕಚೇರಿಯನ್ನು ಕಟ್ಟಿದ್ದು ಕೇಂದ್ರ ಲೋಕೋಪಯೋಗಿ ಇಲಾಖೆ. ಉದ್ಘಾಟನೆ 2014ರ ಫೆಬ್ರವರಿ 25ರಂದು. ವರ್ಷಕ್ಕೆ ತಾನು ಬಳಸುವಷ್ಟು ವಿದ್ಯುತ್ತನ್ನು ತಾನೇ ತಯಾರಿಸಬೇಕೆಂಬುದು ಇದರ ವಿನ್ಯಾಸದ ಗುರಿ. ಛಾವಣಿಯ ಮೇಲೆ 930 ಕಿಲೋವಾಟ್ ಸೌರಫಲಕಗಳಿವೆ, ಜಾಗ ಸಾಲದೆ ಗೋಡೆಯ ಅಂಚು ದಾಟಿ ಚಾಚಿಕೊಂಡಿವೆ. ನೋಡುವವರು ಮೆಚ್ಚುವುದು ಈ ಫಲಕಗಳನ್ನೇ, ಆದರೆ ನಿಜವಾದ ಜಾಣ್ಮೆ ಇರುವುದು ಬೇಡಿಕೆಯನ್ನು ಮೊದಲೇ ಕುಗ್ಗಿಸಿದ್ದರಲ್ಲಿ. ನಡುವೆ ಅಂಗಳ ಬಿಟ್ಟು ಎರಡೂ ಕಡೆ ಕಚೇರಿ ಜೋಡಿಸಿದ್ದರಿಂದ ಹಗಲಲ್ಲಿ ಬಹುಪಾಲು ಕೊಠಡಿಗಳಿಗೆ ದೀಪ ಬೇಡ. ಕೊಠಡಿ ತಂಪಾಗಿಸಲು ತಣ್ಣಗಿನ ಗಾಳಿಯನ್ನು ದೊಡ್ಡ ಕೊಳವೆಗಳಲ್ಲಿ ಊದುವ ಬದಲು ಛಾವಣಿಯ ಕೊಳವೆಗಳಲ್ಲಿ ತಣ್ಣೀರು ಹರಿಸುತ್ತಾರೆ. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು, ಹಾಗಾಗಿ ಪಂಪಿನ ಖರ್ಚು ಬ್ಲೋವರಿನ ಖರ್ಚಿಗಿಂತ ಎಷ್ಟೋ ಕಡಿಮೆ.

ಹೀರಿದ ಶಾಖವನ್ನು ಎಲ್ಲಾದರೂ ಚೆಲ್ಲಬೇಕಲ್ಲ? 80 ಮೀಟರ್ ಆಳದ 180 ಕೊಳವೆಬಾವಿಗಳಂಥ ರಂಧ್ರಗಳಲ್ಲಿ ನೀರಿನ ಪೈಪು ಇಳಿಸಿದ್ದಾರೆ. ಮೇ ತಿಂಗಳಲ್ಲಿ ದೆಹಲಿಯ ಗಾಳಿ 45 ಡಿಗ್ರಿ ಮುಟ್ಟಿದರೂ ಅಷ್ಟು ಆಳದ ಮಣ್ಣಿಗೆ ಅದರ ಸುಳಿವೇ ಇರುವುದಿಲ್ಲ. ಅದರ ಉಷ್ಣತೆ ಇಡೀ ವರ್ಷದ ಸರಾಸರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಶಾಖ ಅಲ್ಲಿಗೆ ಹೋಗುತ್ತದೆ, ಕೂಲಿಂಗ್ ಟವರಿನಲ್ಲಿ ಆವಿಯಾಗುವ ನೀರು ಉಳಿಯುತ್ತದೆ. ಒಳಗಿನ ತಾಪಮಾನವನ್ನು 26 ಡಿಗ್ರಿಯ ಸುತ್ತ ಇಟ್ಟದ್ದು ಇನ್ನೊಂದು ಖರ್ಚಿಲ್ಲದ ಉಪಾಯ. ಎ.ಸಿ.ಯ ತಾಪಮಾನ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

ಬೆಂಗಳೂರಿಗೆ ಇಷ್ಟೆಲ್ಲ ಕಸರತ್ತೂ ಬೇಕಿಲ್ಲ. ಇದೇ ಬ್ಯೂರೋ 2007ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಕಟ್ಟಡ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸಿದೆ. ಅದರಲ್ಲಿ ಬೆಂಗಳೂರು ಸಮಶೀತೋಷ್ಣ, ಮಂಗಳೂರು ಬಿಸಿ–ತೇವದ ವಲಯ. 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚು ಸಂಪರ್ಕಿತ ಹೊರೆಯ ವಾಣಿಜ್ಯ ಕಟ್ಟಡಗಳಿಗೆ ಸಂಹಿತೆ ಅನ್ವಯಿಸುತ್ತದೆ: ಗೋಡೆ ಎಷ್ಟು ಶಾಖ ಬಿಡಬಹುದು, ಗಾಜು ಎಷ್ಟಿರಬಹುದು, ದೀಪಕ್ಕೆ ಚದರ ಮೀಟರಿಗೆ ಎಷ್ಟು ವಾಟ್, ಎಲ್ಲಕ್ಕೂ ಮಿತಿಯಿದೆ. ಕಿಟಕಿ ತೆರೆದರೆ ವರ್ಷದ ಬಹುಕಾಲ ಹಾಯಾಗಿರುವ ಊರಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ಗಾಜಿನ ಗೋಡೆ ನಿಲ್ಲಿಸಿ, ಒಳಬಂದ ಬಿಸಿಲನ್ನು ಎ.ಸಿ.ಯಿಂದ ಹೊರಹಾಕುವುದು ವಿಚಿತ್ರ ಚಟ. 2024ರಲ್ಲಿ ಸಂಹಿತೆಗೆ ಹೊಸ ರೂಪ ಬಂದಿದೆ, ಆದರೆ ಜಾರಿಯಾಗಬೇಕಾದರೆ ರಾಜ್ಯ ಅಧಿಸೂಚನೆ ಹೊರಡಿಸಬೇಕು, ನಕ್ಷೆ ಮಂಜೂರು ಮಾಡುವ ಪಾಲಿಕೆ ಅದನ್ನು ಓದಬೇಕು.

ಗೋಡೆಯ ಸಾಮಗ್ರಿಯ ಕತೆಯೂ ಹೆಚ್ಚುಕಡಿಮೆ ಇದೇ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು 1,450 ಡಿಗ್ರಿಯವರೆಗೆ ಕಾಯಿಸಿದಾಗ ಕಲ್ಲೊಳಗಿನ ಇಂಗಾಲದ ಡೈ ಆಕ್ಸೈಡೇ ಹೊರಬೀಳುತ್ತದೆ. ಒಲೆಯ ಇಂಧನ ಬದಲಿಸಿದರೂ ಆ ಪಾಲು ತಪ್ಪದು. ಸಿಮೆಂಟನ್ನೇ ಕಡಿಮೆ ಮಾಡುವ ಹಾರುಬೂದಿ ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಗುಡ್ಡೆ ಬೀಳುತ್ತಿತ್ತು. ಸ್ಥಾವರದ ಸುತ್ತಲಿನ ನಿರ್ಮಾಣಗಳಲ್ಲಿ ಅದನ್ನು ಬಳಸಲೇಬೇಕೆಂದು ಕೇಂದ್ರ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಮೊದಲು 50 ಕಿಲೋಮೀಟರ್ ಇದ್ದ ವ್ಯಾಪ್ತಿ 2016ರಲ್ಲಿ 300ಕ್ಕೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಸುಡದೆಯೇ ಗಟ್ಟಿಯಾಗುವ ಮಣ್ಣಿನ ಬ್ಲಾಕುಗಳನ್ನು ದಶಕಗಳ ಹಿಂದೆಯೇ ಸಿದ್ಧಪಡಿಸಿ ತೋರಿಸಿತ್ತು. ಇಂಥ ಸಾಮಗ್ರಿ ಇಲಾಖೆಯ ದರಪಟ್ಟಿಯಲ್ಲಿ ಒಂದು ಸಾಲಾಗಿ ಸೇರದಿದ್ದರೆ ಎಂಜಿನಿಯರ್ ಅದನ್ನು ಎಸ್ಟಿಮೇಟಿನಲ್ಲಿ ಬರೆಯುವುದು ತ್ರಾಸ. ಪ್ರತ್ಯೇಕ ದರ ವಿಶ್ಲೇಷಣೆ ಮಾಡಿ, ಮೇಲಿನವರ ಒಪ್ಪಿಗೆ ಪಡೆಯುವಷ್ಟರಲ್ಲಿ ಆರ್ಥಿಕ ವರ್ಷವೇ ಮುಗಿಯುತ್ತದೆ.

ಹಳೆಯ ಕಟ್ಟಡಗಳಿಗೆ ಬೇರೆ ಮಾದರಿ ಉಂಟು: ದೀಪ, ಫ್ಯಾನು, ಎ.ಸಿ.ಗಳನ್ನು ಹೊರಗಿನ ಕಂಪನಿ ತನ್ನ ಹಣದಲ್ಲಿ ಬದಲಿಸುವುದು, ಬಿಲ್ಲಿನಲ್ಲಿ ಉಳಿದ ಹಣದಿಂದ ಕೆಲವು ವರ್ಷ ಅಸಲು ವಸೂಲು ಮಾಡಿಕೊಳ್ಳುವುದು. ಎಲ್‌ಇಡಿ ಕೊಂಡ ಕಂಪನಿಯೇ 2017ರಲ್ಲಿ ಸರ್ಕಾರಿ ಕಟ್ಟಡಗಳಿಗಾಗಿ ಇಂಥ ಕಾರ್ಯಕ್ರಮ ಹಮ್ಮಿಕೊಂಡಿತು. ಬೀದಿದೀಪಗಳಲ್ಲೂ ಇದೇ ದಾರಿ ಹಿಡಿಯಿತು, ಅಲ್ಲಿ ಪೆಟ್ಟೂ ತಿಂದಿತು. ದೀಪ ಉರಿದವು, ಬಿಲ್ಲು ಇಳಿಯಿತು, ಸ್ಥಳೀಯ ಸಂಸ್ಥೆಗಳು ಕೊಡಬೇಕಾದ ಕಂತು ಮಾತ್ರ ವರ್ಷಗಟ್ಟಲೆ ಬಾಕಿ ಬಿತ್ತು. ಉಳಿತಾಯ ಎಷ್ಟಾಯಿತು ಎಂಬ ತಕರಾರಿಗೂ ಕೊನೆಯಿಲ್ಲ, ಏಕೆಂದರೆ ಒಂದೇ ಆವರಣದ ನಾಲ್ಕಾರು ಕಚೇರಿಗಳಿಗೆ ಒಂದೇ ಮೀಟರ್ ಇರುವುದುಂಟು. ಮುಂದಿನ ಟೆಂಡರಿಗೆ ಮೊದಲು ಆ ಕಚೇರಿಗಳಿಗೆ ಬೇರೆ ಬೇರೆ ಮೀಟರ್ ಹಾಕಿಸುವ ಕೆಲಸವಿದೆ. ಅದಕ್ಕೂ ಒಂದು ಎಸ್ಟಿಮೇಟ್ ಬೇಕು.