644 ಸುತ್ತಿನ ಹಿಂದಿನ ಕಥೆ

ಯಾದಗಿರಿಯಿಂದ ಹೊರಟು, ಶಹಾಪುರದ ಮಲಗಿದ ಬುದ್ಧನ ಗುಡ್ಡ ದಾಟಿ, ಸುರಪುರ ಮುಟ್ಟಿ ವಾಪಸ್ ಬರಬೇಕು. ಮತ್ತೊಮ್ಮೆ ಹೋಗಿ ಬರಬೇಕು. ಅದೂ ಓಡುತ್ತ, ಇಂದಿನ ಬೆಳಗಿನಿಂದ ನಾಳೆ ಬೆಳಗಿನೊಳಗೆ. ಹೆಚ್ಚೂಕಡಿಮೆ ಅಷ್ಟು ದೂರವನ್ನು ಭಾರತದ ಓಟಗಾರ ಅಮರ್ ಸಿಂಗ್ ದೇವಂದಾ 2022ರ ಜುಲೈ 2–3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಬಿಟ್ಟು ಕದಲದೆ ಓಡಿದರು. 257.618 ಕಿ.ಮೀ.; 400 ಮೀಟರಿನ ಟ್ರ್ಯಾಕಿನಲ್ಲಿ 644 ಸುತ್ತು. ಅದು ಏಷ್ಯಾ ಮತ್ತು ಓಷಿಯಾನಿಯಾ 24 ಗಂಟೆ ಓಟದ ಚಾಂಪಿಯನ್‌ಷಿಪ್.

ಈ ಹುಚ್ಚು ಹಳೆಯದು. 1878ರಲ್ಲೇ ಲಂಡನ್ನಿನ ಸಭಾಂಗಣವೊಂದರಲ್ಲಿ ಆರು ದಿನಗಳ ಪಂದ್ಯ ನಡೆದಿತ್ತು. ಸುತ್ತುವವರು ಸುತ್ತುತ್ತಿದ್ದರು, ನೋಡುವವರು ಬಾಜಿ ಕಟ್ಟುತ್ತಿದ್ದರು. ಆ ಗೀಳು ತಣ್ಣಗಾಗಿ ದಶಕಗಳ ಬಳಿಕ, 1984ರಲ್ಲಿ, ಅಲ್ಟ್ರಾ ಓಟಗಾರರ, ಅಂದರೆ ಮ್ಯಾರಥಾನಿಗಿಂತ ಹೆಚ್ಚು ದೂರ ಓಡುವವರ, ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. 1997ರಲ್ಲಿ ಗ್ರೀಸ್‌ನ ಯಾನಿಸ್ ಕೂರೋಸ್ ಅಡಿಲೇಡ್‌ನ ಟ್ರ್ಯಾಕಿನಲ್ಲಿ 24 ಗಂಟೆಗೆ 303.506 ಕಿ.ಮೀ. ಓಡಿದರು. ಆ ದಾಖಲೆ ಎರಡು ದಶಕಕ್ಕೂ ಹೆಚ್ಚು ಕಾಲ ಯಾರ ಕೈಗೂ ಸಿಗಲಿಲ್ಲ.

ನನ್ನ ಮಟ್ಟಿಗೆ ಈ ಆಟದ ಸ್ವಾರಸ್ಯ ಇರುವುದು ತಂಡದ ಲೆಕ್ಕದಲ್ಲಿ. ಒಂದೊಂದು ದೇಶದ ಮೊದಲ ಮೂವರ ದೂರ ಕೂಡಿಸಿ ಪದಕ ಕೊಡುತ್ತಾರೆ. ಹಾಗಾಗಿ ಪದಕದ ಆಸೆ ಬಿಟ್ಟವನೂ ನಡುರಾತ್ರಿ ಮೀನಖಂಡ ಹಿಡಿದುಕೊಂಡಾಗ ಟೆಂಟಿಗೆ ಹೋಗಿ ಮಲಗುವಂತಿಲ್ಲ. ಕುಂಟುತ್ತ ಹಾಕಿದ ಸುತ್ತೂ ದೇಶದ ಖಾತೆಗೇ ಜಮಾ. ಒಂದೇ ಕಾಲಿಗೆ ತಿರುವಿನ ಭಾರ ಬೀಳದಿರಲೆಂದು ಕೆಲವು ಗಂಟೆಗೊಮ್ಮೆ ಓಟದ ದಿಕ್ಕನ್ನೇ ತಿರುಗಿಸುತ್ತಾರೆ. ಟ್ರ್ಯಾಕಿನ ಅಂಚಿನ ಮೇಜುಗಳಲ್ಲಿ ನೀರು, ಉಪ್ಪು, ಹಣ್ಣು, ತಿನ್ನುವುದೂ ಓಡುತ್ತಲೇ. 24 ಗಂಟೆ ಮುಗಿದ ಸದ್ದು ಕೇಳಿದ ಕ್ಷಣ ನಿಂತಲ್ಲೇ ಗುರುತು ಇಟ್ಟುಬಿಡಬೇಕು. ಪೂರ್ತಿಯಾಗದ ಆ ಸುತ್ತನ್ನು ಅಧಿಕಾರಿಗಳು ಅಳೆದು ಸೇರಿಸುತ್ತಾರೆ. 644 ಸುತ್ತಿನ ಮೇಲಿನ 18 ಮೀಟರು ಬಂದದ್ದು ಹೀಗೆ.

ಭಾರತ ಈ ಲೆಕ್ಕದೊಳಗೆ ಕಾಲಿಟ್ಟದ್ದು ತಡವಾಗಿ. 2018ರಲ್ಲಿ ತೈಪೆಯಲ್ಲಿ ನಡೆದ ಇದೇ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ಉಲ್ಲಾಸ್ ನಾರಾಯಣ 250 ಕಿ.ಮೀ. ದಾಟಿ ಕಂಚು ತಂದರು. ನಾಲ್ಕು ವರ್ಷದ ನಂತರ ಕೂಟವೇ ಕಂಠೀರವಕ್ಕೆ ಬಂತು. ಅಮರ್ ಸಿಂಗ್ ಬೆನ್ನಿಗೆ ಸೌರವ್ ಕುಮಾರ್ ರಂಜನ್, ಜೀನೋ ಆಂಟನಿ. ಪುರುಷರ ವೈಯಕ್ತಿಕ ಪದಕ ಮೂರೂ ನಮ್ಮವೇ. ಮೂವರದೂ ಕೂಡಿಸಿದರೆ 739 ಕಿ.ಮೀ.ಗೂ ಮೇಲೆ, ತಂಡಕ್ಕೆ ಚಿನ್ನ. ಮಹಿಳೆಯರ ತಂಡ ಆಸ್ಟ್ರೇಲಿಯಾದ ಹಿಂದೆ ಬೆಳ್ಳಿ ಗೆದ್ದಿತು.