ದೊಡ್ಡಪ್ಪನ ಟ್ರಂಕಿನ ರೇಟು

ಐದನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಹೊಸದಕ್ಕೆ ಮನೆಯಲ್ಲಿ ದುಡ್ಡು ಕೇಳುವ ಧೈರ್ಯ ಇರಲಿಲ್ಲ. ಆಗ ನೆನಪಾದದ್ದು ಉಕ್ಕಡಗಾತ್ರಿಯ ನಮ್ಮ ಮನೆ ಅಟ್ಟದ ಮೇಲಿರುವ ದೊಡ್ಡಪ್ಪನ ಕಬ್ಬಿಣದ ಟ್ರಂಕು.

ಅದರಲ್ಲಿರುವುದು ಬರೀ ಕ್ರಿಕೆಟ್. 1983ರ ವಿಶ್ವಕಪ್ ಗೆದ್ದಾಗಿನ ಪತ್ರಿಕೆ ತುಣುಕುಗಳು, ‘ಸ್ಪೋರ್ಟ್‌ಸ್ಟಾರ್’ನ ಪೋಸ್ಟರ್‌ಗಳು, ಬಬಲ್‌ಗಮ್ ಜೊತೆ ಬರುತ್ತಿದ್ದ ಆಟಗಾರರ ಕಾರ್ಡುಗಳು, 1999ರಲ್ಲಿ ಬ್ರಿಟಾನಿಯಾ ಬಿಸ್ಕತ್ ಪ್ಯಾಕಿನಿಂದ ಕತ್ತರಿಸಿಟ್ಟ ‘ರನ್’ಗಳು. ದೊಡ್ಡಪ್ಪನ ಸೆಂಚುರಿ ಆಗುವ ಮೊದಲೇ ಆ ವಿಶ್ವಕಪ್ ಮುಗಿದುಹೋಯಿತಂತೆ. ಎಲ್ಲಕ್ಕಿಂತ ಮೇಲೆ, ರೂಲ್ ಹಾಳೆಯ ಮೇಲೊಂದು ನೀಲಿ ಶಾಯಿಯ ಸಹಿ. ಭದ್ರಾವತಿಯ ಯಾವುದೋ ಮದುವೆಯಲ್ಲಿ ಜಿ.ಆರ್. ವಿಶ್ವನಾಥ್ ಅವರಿಂದ ಹಾಕಿಸಿಕೊಂಡದ್ದು ಎನ್ನುತ್ತಾರೆ ದೊಡ್ಡಪ್ಪ. ತುಂಗಭದ್ರೆ ತುಂಬಿ ಬಂದಾಗ ಅಕ್ಕಿ ಚೀಲಕ್ಕಿಂತ ಮೊದಲು ಅಟ್ಟ ಹತ್ತುವುದು ಈ ಟ್ರಂಕೇ.

ನನ್ನ ತಲೆ ಕೆಡಿಸಿದ್ದು ಹರಾಜಿನ ಸುದ್ದಿಗಳು. 2011ರ ಫೈನಲ್‌ನಲ್ಲಿ ಧೋನಿ ಹಿಡಿದಿದ್ದ ಬ್ಯಾಟು ಅದೇ ವರ್ಷ ಲಂಡನ್‌ನಲ್ಲಿ ಒಂದು ಲಕ್ಷ ಪೌಂಡಿಗೆ ಹೋಯಿತು. ಶೇನ್ ವಾರ್ನ್ ಟೋಪಿ 2020ರಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ಅದು ಕಾಳ್ಗಿಚ್ಚಿನ ಸಂತ್ರಸ್ತರಿಗಾಗಿ ನಡೆದ ಹರಾಜು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು. ಅದೂ ಬಬಲ್‌ಗಮ್ ಕಂಪನಿಯ ಕಾರ್ಡೇ! ಇದನ್ನೆಲ್ಲ ಓದಿದ ಮೇಲೆ ದೊಡ್ಡಪ್ಪನ ಕಾರ್ಡುಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಗೆಳೆಯನ ಮೂಲಕ ಬೆಂಗಳೂರಿನ ಒಬ್ಬ ಸಂಗ್ರಾಹಕರ ನಂಬರ್ ಸಿಕ್ಕಿತು. ದೊಡ್ಡಪ್ಪನಿಗೆ ಹೇಳದೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದೆ. ಅವರು ಕೇಳಿದ್ದು ಇಷ್ಟೇ: ಸಹಿ ಹಾಕುವಾಗಿನ ಫೋಟೊ ಇದೆಯಾ? ದಿನಾಂಕ? ಹಾಳೆ ಯಾಕೆ ಹೊಳೆಯುತ್ತಿದೆ?

ಹೊಳೆಯುತ್ತಿದ್ದುದು ಲ್ಯಾಮಿನೇಷನ್. ಒಮ್ಮೆ ಟ್ರಂಕಿಗೆ ನೀರು ತಗುಲಿ ಅರ್ಧ ಪೇಪರುಗಳು ಅಂಟಿಕೊಂಡಿದ್ದವು. ಹೆದರಿದ ದೊಡ್ಡಪ್ಪ ಮರುದಿನವೇ ಹರಿಹರಕ್ಕೆ ಹೋಗಿ ಸಹಿಯನ್ನು ಬಿಸಿ ಪ್ಲಾಸ್ಟಿಕ್ಕಿನೊಳಗೆ ಕೂರಿಸಿಕೊಂಡು ಬಂದಿದ್ದರು. ಸಂಗ್ರಾಹಕರ ಲೋಕದಲ್ಲಿ ಅದು ದೊಡ್ಡ ತಪ್ಪು. ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಬಲು ಕಷ್ಟ, ಶಾಯಿಯನ್ನು ಹತ್ತಿರದಿಂದ ಪರೀಕ್ಷಿಸಲೂ ಆಗುವುದಿಲ್ಲ. ಅವರು ಹೇಳಿದ ಬೆಲೆ ಐನೂರು ರೂಪಾಯಿ. ಕಾರ್ಡುಗಳಿಗೆ ಅದೂ ಇಲ್ಲ. ಮೂಲೆ ಸವೆದಿವೆ, ಹಿಂದೆ ಗೋಂದಿನ ಕಲೆ. ಮ್ಯಾಂಟಲ್ ಕಾರ್ಡು ಕೋಟಿಗೆ ಹೋದದ್ದು ಅದನ್ನು ಯಾರೂ ಆಡಿ ಹಾಳು ಮಾಡದಿದ್ದುದಕ್ಕೆ. ಮಾರಾಟವಾಗದೆ ಉಳಿದ ಆ ವರ್ಷದ ಕಾರ್ಡುಗಳನ್ನು ಕಂಪನಿಯೇ ಸಮುದ್ರಕ್ಕೆ ಸುರಿಸಿತ್ತಂತೆ. ದೊಡ್ಡಪ್ಪನ ಕಾರ್ಡುಗಳು ಶಾಲೆಯ ಜಗಲಿಯ ಮೇಲೆ ಆಡಿಸಿಕೊಂಡವು.

ನಾನೂ ಸುಮ್ಮನಿರಲಿಲ್ಲ. ಮುಂದೆ ರೇಟು ಏರುತ್ತದೆಂದು ನಂಬಿ ಹೋದ ವರ್ಷ ಆನ್‌ಲೈನ್‌ನಲ್ಲಿ ಎರಡು ಸಾವಿರ ಕೊಟ್ಟು ‘ಸಹಿ ಮಾಡಿದ’ ಪೋಸ್ಟರ್ ಒಂದನ್ನು ಕೊಂಡಿದ್ದೆ. ಈ ಪಾಠದ ನಂತರ ಭೂತಗನ್ನಡಿ ಹಿಡಿದು ನೋಡಿದರೆ ಸಹಿಯ ಗೆರೆಯ ತುಂಬ ಪುಟ್ಟ ಪುಟ್ಟ ಚುಕ್ಕಿಗಳು. ಪ್ರಿಂಟು! ಪೆನ್ನಿನ ಶಾಯಿಯಾದರೆ ಗೆರೆ ಎಲ್ಲೂ ಚುಕ್ಕಿಯಾಗಿ ಒಡೆಯುವುದಿಲ್ಲ. ಕೊಳ್ಳುವ ಮೊದಲು ನೀವೂ ಇದೊಂದನ್ನು ನೋಡಿ. ಆ ಎರಡು ಸಾವಿರ ಬ್ಯಾಂಕಿನಲ್ಲಿದ್ದಿದ್ದರೆ ಅಷ್ಟಿಷ್ಟು ಬಡ್ಡಿಯಾದರೂ ಬರುತ್ತಿತ್ತು. ಪೋಸ್ಟರ್ ಬಡ್ಡಿ ಕೊಡುವುದಿಲ್ಲ, ಕೊಳ್ಳುವವನು ಸಿಗುವ ತನಕ ಬರೀ ಕಾಗದ. ಆ ಆಟಗಾರನ ಮೇಲೆ ನನಗೆ ಅಂಥ ಪ್ರೀತಿಯೂ ಇರಲಿಲ್ಲ, ಹಾಗಾಗಿ ಗೋಡೆಗೆ ಹಚ್ಚಲೂ ಮನಸ್ಸಾಗಲಿಲ್ಲ.

ವಿಷಯ ದೊಡ್ಡಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ.

‘ಎಷ್ಟಕ್ಕೆ ಕೇಳಿದ್ರಲೇ ತಮ್ಮಾ?’

‘ಐನೂರು, ದೊಡ್ಡಪ್ಪ.’

‘ಆವತ್ತು ಸಹಿಗೆ ಅಂತ ಪಂಕ್ತಿ ಬಿಟ್ಟು ಎದ್ದಿದ್ದೆ. ಹೋಳಿಗೆ ಊಟ ತಪ್ಪಿತ್ತು. ಅದರ ರೇಟೂ ಸೇರ್ಸಿ ಹೇಳು ಅವ್ರಿಗೆ.’

ಪ್ರತಿ ಫೆಬ್ರುವರಿ 12ರಂದು ದೊಡ್ಡಪ್ಪ ಟ್ರಂಕು ಇಳಿಸುತ್ತಾರೆ. ಅಂದು ವಿಶ್ವನಾಥ್ ಹುಟ್ಟಿದ ದಿನ, 1949. ನಮ್ಮ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಹುಟ್ಟಿದ್ದೂ ಅದೇ ತಾರೀಖು, 1984ರಲ್ಲಿ. ವಿನಯ್ ನಾಯಕತ್ವದಲ್ಲಿ ಕರ್ನಾಟಕ ಸತತ ಎರಡು ಸಲ, 2014 ಮತ್ತು 2015ರಲ್ಲಿ, ರಣಜಿ ಟ್ರೋಫಿ ಗೆದ್ದಾಗಿನ ಪೇಪರುಗಳು ಟ್ರಂಕಿನಲ್ಲಿ ಮೇಲುಗಡೆಯೇ ಇವೆ. ಅವನ್ನು ಹರಡಿಕೊಂಡು ಕೂತರೆ 1975ರ ಮದ್ರಾಸ್ ಟೆಸ್ಟಿನಲ್ಲಿ ಆ್ಯಂಡಿ ರಾಬರ್ಟ್ಸ್ ಎದುರು ವಿಶ್ವನಾಥ್ ಹೊಡೆದ ಅಜೇಯ 97ರ ಕಥೆ ಬಂದೇ ಬರುತ್ತದೆ. ಮೂರು ರನ್ ಕಮ್ಮಿಯಾದದ್ದಕ್ಕೆ ದೊಡ್ಡಪ್ಪನಿಗೆ ಇವತ್ತಿಗೂ ಸಂಕಟ.

ಈಗ ಭಾನುವಾರಗಳಲ್ಲಿ ಒಂದೊಂದೇ ವಸ್ತು ತೆಗೆದು ಅದು ಯಾವ ವರ್ಷದ್ದು, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಸಹಿಯ ಕಥೆಯಲ್ಲಿ ಹೋದ ವಾರ ಮದುವೆಯಿತ್ತು, ಈ ವಾರ ಗೃಹಪ್ರವೇಶ. ಎರಡನ್ನೂ ಬರೆದುಕೊಂಡಿದ್ದೇನೆ. ಹೋಳಿಗೆ ಮಾತ್ರ ಎರಡರಲ್ಲೂ ಇದೆ. ಲ್ಯಾಪ್‌ಟಾಪಿಗೆ ಸೆಕೆಂಡ್ ಹ್ಯಾಂಡ್ ಬ್ಯಾಟರಿ ಹಾಕಿಸಿದ್ದೇನೆ, ಸದ್ಯಕ್ಕೆ ಓಡುತ್ತಿದೆ.